ಮುಚ್ಚಿದ ಕಾರ್ಖಾನೆಯಲ್ಲಿ ಅಬ್ಬಾನ ಡ್ಯೂಟಿ

ಉದ್ಯೋಗಸ್ಥರ ಜಾಲತಾಣದಲ್ಲಿ ಜನ ಮಾಡುವ ತಪ್ಪುಗಳನ್ನು ಹುಡುಕುವುದು ನನಗೊಂದು ಆಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಎದುರಿನವರು ಬಾಯಿ ತೆರೆಯುವ ಮೊದಲೇ ನನ್ನ ಆಕ್ಷೇಪ ಸಿದ್ಧವಾಗಿರುತ್ತದೆ. ಲೋಕಲ್ ರೈಲಿನಲ್ಲಿ ನಿಂತು ಫೋನ್ ತೆರೆದರೆ ಸಾಕು: ಎರಡು ದಿನದ ತರಬೇತಿಯನ್ನು ಹಜ್ ಯಾತ್ರೆಯಂತೆ ವರ್ಣಿಸುವವರು, ಬಡ್ತಿ ಸಿಕ್ಕಿದ್ದಕ್ಕೆ 'ವಿನಮ್ರನಾಗಿದ್ದೇನೆ' ಎಂದು ಡಂಗುರ ಹೊಡೆಯುವವರು. ನಿಜವಾಗಿ ವಿನಮ್ರನಾದವನು ಇಡೀ ಊರನ್ನು ಟ್ಯಾಗ್ ಮಾಡುತ್ತಾನೆಯೇ?

ಮನೆಯೊಳಗಿನ ತಪ್ಪು ಮಾತ್ರ ನನ್ನ ಕಣ್ಣಿಗೆ ಬಿದ್ದದ್ದು, ವಿಕ್ರೋಳಿಯ ಆಫೀಸೊಂದು ಅಬ್ಬಾನ ಪ್ರೊಫೈಲ್ ಕೇಳಿದಾಗ. ನಮ್ಮ ಭಾಂಡುಪ್‌ನ ಹೊಸ ಟವರ್ ಒಂದರ ಪಂಪ್ ರೂಮಿಗೆ ಅವರಿಗೆ ಸೂಪರ್‌ವೈಸರ್ ಬೇಕಿತ್ತು. ಅಬ್ಬಾನಿಗೂ ಆ ಕೆಲಸ ಬೇಕೇ ಬೇಕಿತ್ತು. ಟೂಲ್ ಬ್ಯಾಗ್ ಹೊತ್ತು ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಮೋಟಾರ್ ರಿಪೇರಿಗೆ ಅಲೆದು ಅವನ ಮೊಣಕಾಲುಗಳು ಸೋತಿದ್ದವು. ಪ್ರೊಫೈಲ್ ತೆರೆದು ನೋಡಿದೆ. ನಾನು ಶಾಲೆಯಲ್ಲಿದ್ದಾಗಲೇ ಮುಚ್ಚಿಹೋದ ಕಾರ್ಖಾನೆಯ ಕಂಪ್ರೆಸರ್ ರೂಮಿನಲ್ಲಿ ಅಬ್ಬಾ ಈಗಲೂ ಕೆಲಸ ಮಾಡುತ್ತಿದ್ದ!

"ಅಬ್ಬಾ, ಇದು ಸುಳ್ಳು."

"ಸುಳ್ಳು ಹೆಂಗ? ಬದಲಿಯವ ಬಂದು ನಿಲ್ಲೂತನಾ ಮಷೀನ್ ಬಿಟ್ಟು ಹೋಗಬಾರದು, ಅದು ನಮ್ಮ ಕಾಯ್ದೆ. ಗೇಟ್ ಮುಚ್ಚಿದ ದಿನ ನನ್ನ ಬದಲಿಯವ ಬರಲೇ ಇಲ್ಲ. ಅಂದಮ್ಯಾಲ ನಾ ಇನ್ನೂ ಡ್ಯೂಟಿ ಮ್ಯಾಲೇ ಅದೀನಿ."

ನಾನು ವೇದಿಕೆ ಏರಿದವಳಂತೆ ಶುರು ಮಾಡಿದೆ. ಗೇಟೇ ಇಲ್ಲ, ಕಂಪ್ರೆಸರ್ ಗುಜರಿಗೆ ಹೋಗಿದೆ. ಇದನ್ನು ನೋಡಿದವರು ಒಂದೋ ನೀನು ಸುಳ್ಳುಗಾರ ಎನ್ನುತ್ತಾರೆ, ಇಲ್ಲವೇ ನಿನಗಾಗಲೇ ಕೆಲಸವಿದೆ ಎನ್ನುತ್ತಾರೆ.

"ಮುಗೀತೇನ್ ವಕೀಲ್ ಸಾಹೇಬಾ? ನಮ್ಮ ಮಂದಿ ಎಲ್ಲಾರೂ ಹಂಗ ಇಟ್ಟಾರ. ನಾ ಒಬ್ಬಾಂವ ಎದ್ದು ಹೋದ್ರ ಹೆಂಗ?"

ಒಳಗಿಂದ ಅಮ್ಮಿ ಕೂಗಿದಳು: "ಬಹಸ್ ನಕ್ಕೋ! ತುಮ್ನಾ ಕಾಮ್ ಹೋನಾ ಕಿ ನಕ್ಕೋ, ಪಹಲೇ ವೋ ಬೋಲೋ!"

ವಾದ ಸಾಕು, ಕೆಲಸ ಬೇಕೋ ಬೇಡವೋ. ನನ್ನ ಇಷ್ಟುದ್ದದ ವಾದ ಮಾಡಲಾರದ್ದನ್ನು ಆ ಒಂದು ಪ್ರಶ್ನೆ ಮಾಡಿತು. ಅಬ್ಬಾ ಫೋನನ್ನು ನನ್ನ ಕೈಗಿಟ್ಟ. ಕಾರ್ಖಾನೆಯ ಕೆಲಸ ಮುಗಿದಿದೆ ಎಂದು ತಿದ್ದಿ, ಈಗ ಸ್ವಂತವಾಗಿ ಪಂಪ್-ಮೋಟಾರ್ ರಿಪೇರಿ ಎಂದು ಸೇರಿಸಿ, ಬಹಳ ಠೀವಿಯಿಂದ ಸೇವ್ ಒತ್ತಿದೆ.

'ಪರಿಚಿತರಿಗೆಲ್ಲ ತಿಳಿಸು' ಎಂಬ ಗುಂಡಿಯನ್ನು ಆಫ್ ಮಾಡಲು ಮರೆತಿದ್ದೆ. ಬೇರೆಯವರು ಮರೆತಾಗ ನಾನು ನಗುವುದೇ ಈ ತಪ್ಪಿಗೆ. ಚಹಾ ಕುದಿಯುವುದರೊಳಗೆ 'ಹೊಸ ಕೆಲಸಕ್ಕೆ ಅಭಿನಂದಿಸಿ' ಎಂಬ ಸುದ್ದಿ ಇಡೀ ಕಂಪ್ರೆಸರ್ ರೂಮಿಗೆ ಮುಟ್ಟಿತ್ತು. ಅಬ್ಬಾನ ಹಳೆಯ ಜೊತೆಗಾರರ ಕಾಮೆಂಟುಗಳು ಶುರುವಾದವು.

"ಏ, ಹೊರಗ ಹೋಗಾಕ ಗೇಟ್ ಪಾಸ್ ಯಾರ್ ಕೊಟ್ರೋ ನಿನಗ?"

"ನನ್ನ ನಟ್ ತಿರುವೂ ಪಾನಾ ವಾಪಸ್ ಕೊಟ್ಟು ಹೋಗಪಾ!"

"ಇಂವ ಇದ್ದಾಗ ಕಂಪ್ರೆಸರ್ ಒಂದಿನಾನೂ ನಿಂತಿಲ್ಲ. ನಮಗ ಬೀಡಿ ಸೇದಾಕೂ ಬಿಟ್ಟಿಲ್ಲ, ಮಗ!"

ಕೊನೆಗೆ, ಬಾರದೇ ಹೋದ ಆ ಬದಲಿಯವನೇ ಕಾಮೆಂಟಿಗೆ ಬಂದ. ಉಡುಪಿ ಕಡೆಯವನು, ಈಗ ವಡಾಲದಲ್ಲಿ ತನ್ನ ಭಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ: "ಎಂಥ ಮಾರಾಯ, ನಾನು ಬರುವ ಮೊದಲೇ ಹೋದದ್ದಾ?"

ಆ ಸುದ್ದಿಯನ್ನು ಅಳಿಸಿಬಿಡೋಣವೆಂದು ಕೈ ಹಾಕುವಷ್ಟರಲ್ಲಿ ವಿಕ್ರೋಳಿಯ ಆಫೀಸಿನವನ ಫೋನ್ ಬಂತು. ಸತ್ತೆ ಅಂದುಕೊಂಡು ಸ್ಪೀಕರ್ ಹಾಕಿದೆ.

"ಚಾಚಾ, ಆಪ್ ಬೀಡಿ ಭೀ ನಹೀ ಪೀನೇ ದೇತೇ ಥೇ ಕ್ಯಾ?" ಕಾಮೆಂಟುಗಳನ್ನೆಲ್ಲ ಓದಿ, ಬೀಡಿ ಸೇದಲೂ ಬಿಡುತ್ತಿರಲಿಲ್ಲವೇ ಎಂದು ಆತ ನಗುತ್ತಿದ್ದ. ಬಂದು ಪಂಪ್ ರೂಮ್ ನೋಡಿ ಎಂದ. ಸೆಕೆಂಡ್ ಶಿಫ್ಟಿಗೂ ಇಂಥವರೊಬ್ಬರು ಸಿಗಬಹುದೇ ಎಂದು ಕೇಳಿದ.

ಅಬ್ಬಾ ಫೋನನ್ನು ಅಂಗೈಯಿಂದ ಮುಚ್ಚಿ ನನ್ನತ್ತ ಬಾಗಿದ: "ಅವರೆಲ್ಲಾ ಇನ್ನೂ ಡ್ಯೂಟಿ ಮ್ಯಾಲ ಅದಾರಲ್ಲೇ! ಏನಂತ ಹೇಳ್ಲಿ?"

ಇದರಿಂದ ನನ್ನ ವಾದ ಬಿದ್ದಿತು ಎಂದು ನಾನು ಒಪ್ಪುವುದಿಲ್ಲ. ಒಂದು ತಪ್ಪು ಒಮ್ಮೆ ಫಲ ಕೊಟ್ಟ ಮಾತ್ರಕ್ಕೆ ಅದು ಉಪಾಯವಾಗುವುದಿಲ್ಲ. ಆ ಗುಂಡಿ ಆಫ್ ಮಾಡಿ ಎಂದು ಈಗಲೂ ಎಲ್ಲರಿಗೂ ಹೇಳುತ್ತೇನೆ. ಹೇಳುವಾಗ ದನಿ ಸ್ವಲ್ಪ ತಗ್ಗಿರುತ್ತದೆ, ಅಷ್ಟೇ.

ಟವರಿನಲ್ಲಿ ಮೊದಲ ದಿನ ಅಬ್ಬಾನನ್ನು ಕರೆತರಲು ಹೋದೆ. ಶಿಫ್ಟ್ ಮುಗಿದಿತ್ತು. ಅವನು ಪಂಪಿನ ಪಕ್ಕದಿಂದ ಅಲುಗಲಿಲ್ಲ. ಅಮ್ಮಿ ಎರಡು ಸಲ ಫೋನ್ ಮಾಡಿದಳು. "ಬದಲಿಯವ ಬರ್ಲಿ," ಎಂದ. ಕೊನೆಗೂ, ಸೆಕೆಂಡ್ ಶಿಫ್ಟಿಗೆಂದು ಅಬ್ಬಾ ಹೆಸರು ಕೊಟ್ಟಿದ್ದ ವಡಾಲದ ಆ ಹಳೆಯ ಬದಲಿಯವನೇ ಬೆವರು ಒರೆಸಿಕೊಳ್ಳುತ್ತಾ ಮೆಟ್ಟಿಲಿಳಿದು ಬಂದ.

ಅಬ್ಬಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಾಲಾಯಕ್! ಎಷ್ಟು ವರ್ಷ ಲೇಟೋ?"

"ಹಾರ್ಬರ್ ಲೈನಿನ ಲೋಕಲ್ ರೈಲಲ್ವಾ ಮಾರಾಯ," ಎಂದ ಆತ, ಕೀಲಿಗೊಂಚಲಿಗೆ ಕೈ ಚಾಚುತ್ತಾ.