ಶಿವರುದ್ರಮ್ಮ ಚೆಲ್ಲಿದ ಸಾಸಿವೆ

ಮೈಸೂರು ಕಡೆಯ ಹ್ಯಾಂಡ್‌ಪೋಸ್ಟ್ ಆಚೆಗಿನ ನಮ್ಮೂರಲ್ಲಿ ಬಾಣಂತಿ ಇರುವ ಮನೆಗೆಲ್ಲ ಶಿವರುದ್ರಮ್ಮನೇ ಕಾವಲು. ಹೊಸ್ತಿಲಿಗೆ ಕಬ್ಬಿಣದ ಮೊಳೆ ಹೊಡೆಯುವವಳು ಅವಳು, ತೊಟ್ಟಿಲ ಕೆಳಗೆ ಹಳೇ ಪೊರಕೆ ಇಡದಿದ್ದರೆ ಬೈಯುವವಳೂ ಅವಳೇ. ಹೆರಿಗೆಯಲ್ಲಿ ಸತ್ತವಳು ದೆವ್ವವಾಗಿ ಹಸುಗೂಸನ್ನು ಹುಡುಕಿಕೊಂಡು ಬರುತ್ತಾಳೆ ಅಂತ ನಮ್ಮಲ್ಲಿ ಹೆದರಿಕೆ. ಅದಕ್ಕೇ ಅಂಥವಳನ್ನು ಮಣ್ಣು ಮಾಡಿ ಬರುವಾಗ ದಾರಿಯುದ್ದಕ್ಕೂ ಸಾಸಿವೆ ಚೆಲ್ಲಬೇಕು. ಅದನ್ನು ಆರಿಸದೆ ದೆವ್ವ ಮುಂದೆ ಬರುವಂತಿಲ್ಲ, ಒಂದೊಂದೇ ಕಾಳು ಆರಿಸುವಷ್ಟರಲ್ಲಿ ಬೆಳಗಾಗಿ, ಅವಳು ಮನೆ ಮುಟ್ಟಲಾರಳು. ಆ ಸಾಸಿವೆ ಚೆಲ್ಲುವವಳೂ ಶಿವರುದ್ರಮ್ಮನೇ.

ಈ ಸಲ ಸತ್ತದ್ದು ಅವಳ ಮಗಳು ಚೈತ್ರ. ಹೆಣ್ಣು ಹೆತ್ತವಳಿಗೆ ಎಚ್ಚರವೇ ಬರಲಿಲ್ಲ, ಮೈಸೂರಿಗೆ ಹೋಗುವ ಆಂಬುಲೆನ್ಸ್‌ನಲ್ಲೇ ಹೋಗಿಬಿಟ್ಟಳು. ಪಕ್ಕದ ಮನೆಯ ಉಷಾ ನಾನು, ನನಗೂ ಕೈಗೂಸಿತ್ತು. ಆ ಮಗುವಿಗೆ ಹಾಲು ಕೊಡುವುದು ನನ್ನ ಪಾಲಿಗೆ ಬಂತು. ಸುಳ್ಳೇಕೆ, ಹೆದರಿ ಸತ್ತಿದ್ದೆ. ಚೈತ್ರ ತನ್ನ ಕೂಸನ್ನು ಹುಡುಕಿ ಬಂದರೆ ಅದು ಇರುವುದು ನನ್ನ ಮಡಿಲಲ್ಲಿ, ಪಕ್ಕದಲ್ಲೇ ನನ್ನ ಮಗ!

"ಬೇರೆ ಯಾರಾದ್ರೂ ಚೆಲ್ಲಲಿ ಬುಡವ್ವ" ಎಂದರು ಊರ ಯಜಮಾನ ಪುಟ್ಟಮಲ್ಲಪ್ಪ.

"ನಿಮ್ ಸೊಸೆ ಸತ್ತಾಗ ನಾನೇ ಚೆಲ್ಲಿರ್ನಿಲ್ವಾ? ಕೊಡಿ ಇತ್ತಗೆ" ಎಂದು ಶಿವರುದ್ರಮ್ಮ ಸಾಸಿವೆಯನ್ನು ಮಡಿಲಿಗೆ ಸುರಿದುಕೊಂಡಳು. ಗುಂಡಿಯಿಂದ ತನ್ನ ಹೊಸ್ತಿಲವರೆಗೂ ಚೆಲ್ಲಿದಳು, ಅಳಲೇ ಇಲ್ಲ. ನನ್ನ ಬಾಗಿಲಿಗೂ ಹೊಸ ಮೊಳೆ ಹೊಡೆದಳು. ನನಗೆ ಹೋದ ಜೀವ ಬಂದಂತಾಯಿತು.

ಜನ ಚದುರಿದ ಮೇಲೆ, ಸಂಜೆ ಹಾಲು ಕೊಡಲು ಹೋದರೆ ಈಯಮ್ಮ ಸಾಸಿವೆ ಗುಡಿಸುತ್ತಿದ್ದಾಳೆ! ದಾರಿಯದ್ದೆಲ್ಲ ಆಗಲೇ ಗುಡಿಸಿ ಬಂದು, ಈಗ ಅಂಗಳದ್ದು. ಹೊಸ್ತಿಲ ಮೊಳೆಯೂ ಕಿತ್ತು ಬಿದ್ದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ತಲೆಗಿಲೆ ಕೆಟ್ಟದಾ ನಿನ್ಗೆ ದೊಡ್ಡವ್ವ? ಈ ಕೂಸೂ ಬೇಡ್ವಾ?"

"ನಿನ್ ಬಾಗ್ಲು ಭದ್ರವಾಗದೆ ಕಣ್ ಉಸಾ, ಎದುರ್ಕೋಬೇಡ. ಇಲ್ಲೇ ಬಂದು ಆಲು ಕೊಟ್ಟು ಓಗು." ಪೊರಕೆ ನಿಲ್ಲಲಿಲ್ಲ. "ಊರೋರ್ ಸತ್ತೋದ್ ಎಣ್ಣುಮಕ್ಕಳ್ನೆಲ್ಲ ಆಚೆಗೇ ನಿಲ್ಲಿಸ್ದೆ. ಅವ್ರವ್ವದೀರು ಅಳೋರು, ನಾನು ಬೈಯೋಳು. ನನ್ ಚೈತ್ರ ಕೂಸಿನ್ ಮಕಾನೇ ನೋಡ್ಲಿಲ್ಲ. ಒಂದ್ ದಪ ನೋಡ್ಕೊಂಡ್ ಓಗ್ಲಿ."

ಒಳಗೆ ಕೂಸು ಚೀರುತ್ತಿತ್ತು. ಎತ್ತಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತೆ. ಹಾಲು ಕುಡಿದು ಅದು ಕಣ್ಣು ಮುಚ್ಚಿತು. ಹಾಳಾಗಿ ಹೋಗಲಿ ಅಂದುಕೊಂಡು ತಿರುಗಿದೆ. ಸೆರಗು ಸರಿಸಿ, ಅದರ ಮುಖ ಬಾಗಿಲಿಗೆ ಕಾಣುವ ಹಾಗೆ ಹಿಡಿದುಕೊಂಡು ಕೂತೆ.