ಏಳನೇ ತಿಂಗಳ ನವೆ

ಬಸುರಿಯಾದಾಗ ನನಗೆ ವಾಂತಿಯಾಗಲಿಲ್ಲ, ತಲೆ ಸುತ್ತಲಿಲ್ಲ, ಹುಣಸೆಹಣ್ಣು ಬೇಕೆನಿಸಲಿಲ್ಲ. ಇಷ್ಟು ಸಲೀಸಾಗಿ ಬಸಿರು ಹೊತ್ತವರು ಈ ಸೀಮೆಯಲ್ಲೇ ಇಲ್ಲವೆಂದು ಏಳನೇ ತಿಂಗಳವರೆಗೆ ಬೀಗುತ್ತಿದ್ದೆ. ಆಮೇಲೆ ಒಂದು ಬೆಳಿಗ್ಗೆ ಹೊಕ್ಕುಳ ಕೆಳಗೆ ಸಣ್ಣಗೆ ನವೆ ಶುರುವಾಯಿತು. ಇರುವೆ ಹೊಕ್ಕಿರಬೇಕೆಂದು ಸೀರೆ ಕೊಡವಿದೆ. ಇರುವೆಯಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಹೊಟ್ಟೆ, ತೊಡೆ, ಬೆನ್ನಿನ ಮೇಲೆಲ್ಲ ಕೆಂಪು ಗಂಧೆಗಳೆದ್ದವು.

ಆಗ ನಾನು ಬಾಳ್ಳುಪೇಟೆಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಗಂಡನ ಮನೆ ಅಲ್ಲಿಂದ ಒಳಕ್ಕೆ, ನಮ್ಮದೇ ಸಣ್ಣ ಕಾಫಿ ತೋಟದಲ್ಲಿ. ಮನೆಯಲ್ಲಾದರೆ ಬಾಗಿಲು ಹಾಕಿಕೊಂಡು ಕೆರೆದುಕೊಳ್ಳಬಹುದು. ಶಾಲೆಯಲ್ಲಿ ಅಷ್ಟೊಂದು ಮಕ್ಕಳ ಎದುರು ಏನು ಮಾಡುವುದು? ಒಂದು ದಿನ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗ ಬೆನ್ನಿನ ನಟ್ಟನಡುವೆ, ಯಾವ ಕೈಗೂ ಎಟುಕದ ಜಾಗದಲ್ಲಿ, ತಡೆಯಲಾಗದ ನವೆ ಎದ್ದಿತು. ಮೇಜಿನ ಮೇಲಿದ್ದ ಮರದ ಸ್ಕೇಲು ಕೈಗೆತ್ತಿಕೊಂಡೆ. ತರಗತಿ ತಣ್ಣಗಾಯಿತು. ಹಿಂದಿನ ಬೆಂಚಿನಲ್ಲಿ ಪಿಸುಗುಡುತ್ತಿದ್ದ ಇಬ್ಬರು ತಾವಾಗಿಯೇ ಎದ್ದು ನಿಂತು ಅಂಗೈ ಮುಂದೆ ಚಾಚಿದರು. ಅವರಿಗೆ ಕೂರಲು ಹೇಳಿ, ಸ್ಕೇಲು ಹಿಡಿದುಕೊಂಡು ಬಾಗಿಲ ಹಿಂದೆ ಹೋದೆ.

ಗಂಡನಿಗೆ ಹೇಳಿದರೆ ಸೊಳ್ಳೆ ಕಚ್ಚಿರಬೇಕು ಎಂದರು. ಅತ್ತೆ ಮಾತ್ರ ಖುಷಿಪಟ್ಟರು. "ಮಗೀಗೆ ತಲೆ ತುಂಬ ಕೂದ್ಲೈತೆ ಕಣವ್ವ. ಅದು ಒಳಗಡೆ ತಾಕ್ತೈತಲ್ಲ, ಅದಕ್ಕೇ ಕಡಿಯದು" ಎಂದು ಮೈಗೆ ಹುಯ್ದುಕೊಳ್ಳಲು ಬೇವಿನ ಸೊಪ್ಪು ಕುದಿಸಿ ಕೊಟ್ಟರು. ಆ ನೀರಿನಿಂದ ನವೆಯೇನೂ ಕಡಿಮೆಯಾಗಲಿಲ್ಲ, ಆದರೆ ಎರಡು ದಿನ ನಾನು ಕುಡಿದ ಕಾಫಿಯೂ ಬೇವಿನ ವಾಸನೆ ಹೊಡೆಯಿತು.

ಅಷ್ಟರಲ್ಲಿ ಸೀಮಂತ ಬಂತು. ಜರಿಯ ಸೀರೆ, ಜರಿಯ ರವಿಕೆ, ಮೊಣಕೈವರೆಗೆ ಹಸಿರು ಬಳೆ. ಜರಿ ತಾಕಿದಲ್ಲೆಲ್ಲ ಗಂಧೆಗಳು ಎಚ್ಚರವಾದವು. ನೆಂಟರಿಷ್ಟರು ಸಾಲಾಗಿ ಬಂದು ಅರಿಶಿನ ಕುಂಕುಮ ಇಟ್ಟು ಮಡಿಲು ತುಂಬುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಕುರ್ಚಿಯ ಬೆನ್ನಿಗೆ ಮೆಲ್ಲಗೆ ಉಜ್ಜಿಕೊಳ್ಳುತ್ತಿದ್ದೆ. ಕುರ್ಚಿ ಪ್ಲಾಸ್ಟಿಕ್ಕಿನದು, ನುಣ್ಣಗಿತ್ತು, ಯಾವ ಪ್ರಯೋಜನಕ್ಕೂ ಬರಲಿಲ್ಲ. ಕಣ್ಣಲ್ಲಿ ನೀರು ಬರುವಂತಾದಾಗ ಪಕ್ಕದಲ್ಲಿ ನಿಂತಿದ್ದ ಅತ್ತೆ ಕಿವಿಯ ಹತ್ತಿರ ಬಗ್ಗಿದರು.

"ಒಸಿ ಮುಂದಕ್ಕೆ ಬಗ್ಗು. ಸೆರಗು ಸರಿ ಮಾಡ್ದಂಗೆ ಮಾಡ್ತೀನಿ."

ಬಗ್ಗಿದೆ. ಅತ್ತೆ ಸೆರಗಿನ ಮರೆಯಲ್ಲಿ ಕೈ ಹಾಕಿ, ಬಳೆ ಸದ್ದಾಗದ ಹಾಗೆ, ಬೆನ್ನನ್ನು ಮೇಲಿಂದ ಕೆಳಗಿನವರೆಗೆ ಕೆರೆದರು. ಆ ಸುಖಕ್ಕೆ ನನ್ನ ಕಣ್ಣು ಮುಚ್ಚಿಹೋಯಿತು. ಅದೇ ಗಳಿಗೆಯಲ್ಲಿ ಫೋಟೋದವನು ಫೋಟೋ ತೆಗೆದ. ಹುಡುಗಿಯ ಮುಖದಲ್ಲಿ ಎಂಥ ಕಳೆ, ಎಂಥ ದೈವಭಕ್ತಿ ಎಂದು ನೆಂಟರು ಇವತ್ತಿಗೂ ಆ ಚಿತ್ರವನ್ನು ಹೊಗಳುತ್ತಾರೆ.

ಸಂಜೆ ಎಲ್ಲರೂ ಹೋದ ಮೇಲೆ ಅತ್ತೆ ಕೊಬ್ಬರಿ ಎಣ್ಣೆ ಹಚ್ಚುತ್ತ ತಮ್ಮ ಕಥೆ ಹೇಳಿದರು. ನನ್ನ ಗಂಡ ಹೊಟ್ಟೆಯಲ್ಲಿದ್ದಾಗ ಅವರಿಗೂ ಹೀಗೇ ಆಗಿತ್ತಂತೆ. ಯಾರೂ ಇಲ್ಲದ ಹೊತ್ತು ನೋಡಿ ತೋಟಕ್ಕೆ ಹೋಗಿ, ಕಾಫಿಗೆ ನೆರಳು ಕೊಡುವ ಒರಟು ತೊಗಟೆಯ ಸಿಲ್ವರ್ ಮರಕ್ಕೆ ಬೆನ್ನು ಉಜ್ಜಿಕೊಂಡು ಬರುತ್ತಿದ್ದರಂತೆ. ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯಾರಿಗೆ ಹೇಳದು? ನಮ್ಮತ್ತೆ ಮುಂದೆ ಜೋರಾಗಿ ಸೀನಕ್ಕೇ ಹೆದರ್ತಿದ್ದೆ ನಾನು" ಎಂದರು. ಆಮೇಲೆ ನಗುತ್ತ, ಆ ಮರ ಇನ್ನೂ ಇದೆ, ಬೇಕಾದರೆ ತೋರಿಸುತ್ತೇನೆ ಎಂದರು. ಮಾರನೆಯ ದಿನ ನಾನು ಹೋಗಿ ನೋಡಿದೆ. ನೋಡಿ ಮಾತ್ರ ಬಂದೆನೆಂದು ಹೇಳಲಾರೆ.

ಎಂಟನೇ ತಿಂಗಳಲ್ಲಿ ಅಂಗೈ, ಅಂಗಾಲುಗಳೂ ಕಡಿಯತೊಡಗಿದವು. ಆಗ ಅತ್ತೆಯೇ ಕೂದಲಿನ ಮಾತು ಬಿಟ್ಟು, ಇದು ಯಾಕೋ ಸರಿಯಿಲ್ಲ, ಡಾಕ್ಟರ ಹತ್ತಿರ ಹೋಗಿ ಎಂದು ನಮ್ಮಿಬ್ಬರನ್ನೂ ಸಕಲೇಶಪುರಕ್ಕೆ ಅಟ್ಟಿದರು. ಡಾಕ್ಟರಮ್ಮ ನವೆ ಎಲ್ಲೆಲ್ಲಿ, ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಒಂದೊಂದಾಗಿ ಕೇಳುತ್ತ ಹೋದರು. ನಾನು ಹೇಳುತ್ತ ಹೋದೆ. ಕೇಳಿಸಿಕೊಳ್ಳುತ್ತಿದ್ದ ನನ್ನ ಗಂಡ ಮೊದಲು ಮೊಣಕೈ ಕೆರೆದುಕೊಂಡರು, ಆಮೇಲೆ ಕತ್ತು, ಆಮೇಲೆ ಚಪ್ಪಲಿ ಬಿಚ್ಚಿ ಕಾಲು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು.

"ಪೇಷಂಟ್ ಯಾರು ಅಂತ ಮೊದಲು ಹೇಳಿಬಿಡಿ" ಎಂದರು.

ಆದರೆ ನನ್ನ ಕಡೆ ತಿರುಗಿದಾಗ ಅವರು ನಗುತ್ತಿರಲಿಲ್ಲ. ಬಸುರಿಯರಿಗೆ ಅಂಗೈ ಅಂಗಾಲು ಕಡಿದರೆ ಸುಮ್ಮನೆ ಬಿಡಬಾರದು, ಕೆಲವರಿಗೆ ಲಿವರ್ ತೊಂದರೆಯಿಂದ ಹಾಗಾಗುತ್ತದೆ, ಮಗುವಿಗೂ ಅಪಾಯ ಎಂದು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಿಪೋರ್ಟ್ ಬರುವವರೆಗೆ, ಮಗು ಒದ್ದಾಗಲೆಲ್ಲ ಅತ್ತೆಯ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ರಿಪೋರ್ಟಿನಲ್ಲಿ ಏನೂ ತೊಂದರೆ ಇರಲಿಲ್ಲ. ಬಸಿರಿನಲ್ಲಿ ಕೆಲವರಿಗೆ ಬರುವ ಚರ್ಮದ ನವೆಯಷ್ಟೇ, ಹೆರಿಗೆಯಾದ ಮೇಲೆ ತಾನೇ ಹೋಗುತ್ತದೆ, ಹತ್ತಿ ಬಟ್ಟೆ ಹಾಕಿಕೊಳ್ಳಿ, ಸುಡುವ ನೀರು ಮಾತ್ರ ಬೇಡ ಎಂದರು ಡಾಕ್ಟರಮ್ಮ. ಹಚ್ಚಿಕೊಳ್ಳಲು ಗುಲಾಬಿ ಬಣ್ಣದ ಲೋಷನ್ ಬರೆದುಕೊಟ್ಟರು. ಅದು ಒಣಗಿ ಕೈಕಾಲೆಲ್ಲ ಬಿಳಿಚಿಕೊಂಡಿದ್ದಾಗ, ಯಾವತ್ತೂ ನನ್ನೊಡನೆ ಹೆಚ್ಚು ಮಾತಾಡದ ಮಾವ ಜಗುಲಿಯಿಂದಲೇ ನೋಡಿ, "ಕಾಫಿ ಗಿಡಕ್ಕೆ ಬೋರ್ಡೋ ಹೊಡ್ದಂಗೈತೆ" ಎಂದು ಹೇಳಿ ಅದೇ ಸುಣ್ಣ ಬೆರೆಸಿದ ಔಷಧಿ ಹೊಡೆಸಲು ತೋಟಕ್ಕೆ ಹೋದರು.

ಮಗಳು ಹುಟ್ಟಿದಳು. ತಲೆ ಸುಲಿದ ತೆಂಗಿನಕಾಯಿಯಷ್ಟು ಬೋಳು. ಅತ್ತೆ ಮಗುವನ್ನು ತಿರುಗಿಸಿ ತಿರುಗಿಸಿ ನೋಡಿ, ಬೇಗನೆ ತಲೆಗೆ ಕುಲಾವಿ ಹಾಕಿದರು.

ಬಾಣಂತನಕ್ಕೆ ಮಗ್ಗೆಯಲ್ಲಿರುವ ತವರಿಗೆ ಹೋದೆ. ನವೆಯೂ ನನ್ನ ಜೊತೆಗೇ ಬಂತು. ಅಲ್ಲಿ ಅಮ್ಮ ಹಂಡೆ ತುಂಬ ನೀರು ಕಾಯಿಸಿ ಕಾದಿದ್ದಳು. ಡಾಕ್ಟರು ಬೇಡವೆಂದಿದ್ದಾರೆ ಎಂದು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಬಾಣಂತಿಗೆ ಬಿಸಿನೀರು ಬೀಳದಿದ್ದರೆ ಸೊಂಟ ಹೋಗುತ್ತದೆ, ಆಗ ಡಾಕ್ಟರು ಬಂದು ಹಿಡಿದುಕೊಳ್ಳುತ್ತಾರಾ ಎಂದು ಕೇಳಿದಳು. ನೀರು ಬಿದ್ದಲ್ಲೆಲ್ಲ ಗಂಧೆ ಕೆಂಡವಾಗುತ್ತಿತ್ತು.

ಮಗುವನ್ನು ನೋಡಲು ಬಂದ ಅತ್ತೆ ನನ್ನ ತೋಳು ನೋಡಿದರು. ಬೀಗಿತ್ತಿಗೆ ಎದುರಾಡುವುದು ಅವರಿಂದಾಗದ ಕೆಲಸ. ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ಇವತ್ತು ನಾನೇ ನೀರು ಹಾಕುತ್ತೇನೆ ಎಂದು ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದರು. ಹಂಡೆಯ ನೀರು ಸ್ವಲ್ಪ ಬಕೆಟಿಗೆ ತೋಡಿ, ತೊಟ್ಟಿಯ ತಣ್ಣೀರು ಬೆರೆಸಿದರು.

"ನಾನು ನೀರು ಹುಯ್ದಂಗೆಲ್ಲ ನೀನು ಅಬ್ಬಬ್ಬಾ ಅಂತಿರು" ಎಂದು ಮೆತ್ತಗೆ ಹೇಳಿದರು.

ಉಗುರು ಬೆಚ್ಚಗಿನ ನೀರು ಬೆನ್ನಿನ ಮೇಲೆ ಹರಿಯಿತು. ನಾನು ಮೈ ಸುಟ್ಟುಕೊಂಡವಳ ಹಾಗೆ ನರಳಿದೆ. ಹೊರಗಿನಿಂದ ಅಮ್ಮನ ಸಂತೃಪ್ತ ದನಿ ಬಂತು. "ಇನ್ನೊಂದೆರಡು ಚೊಂಬು ಹಂಗೇ ಹಾಕಿ ಅಕ್ಕ, ಸೊಂಟ ಗಟ್ಟಿ ಆಯ್ತದೆ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನ್ನ ನರಳಾಟವೂ ನಗುವಿಗೆ ತಿರುಗಿ, ಅದನ್ನು ಅಳುವಿನ ಹಾಗೆ ಕೇಳಿಸುವುದಕ್ಕೆ ಪಟ್ಟ ಪಾಡು ಹೆರಿಗೆಯಲ್ಲೂ ಪಟ್ಟಿರಲಿಲ್ಲ.

ಬಕೆಟಿನಲ್ಲಿ ಉಳಿದ ನೀರು ಚೆಲ್ಲುವುದನ್ನು ನಾವು ಮರೆತಿದ್ದೆವು. ಅಮ್ಮ ಬಚ್ಚಲಿಗೆ ಹೋಗಿ ಅದಕ್ಕೆ ಕೈ ಅದ್ದಿದ್ದನ್ನು ನಾನು ಮಂಚದಿಂದಲೇ ಕಂಡೆ. ಹೊರಗೆ ಬಂದು ಅತ್ತೆಯ ಮುಖ ನೋಡಿದಳು. ಅತ್ತೆ ಮಗುವಿನ ಕಾಲ್ಬೆರಳು ನೋಡುತ್ತ ಕೂತಿದ್ದರು. ಅಮ್ಮ ಹೋಗಿ ಕಾಫಿಗೆ ಇಟ್ಟಳು. ಮಾರನೆಯ ದಿನ ಒಲೆಗೆ ಹಾಕಿದ ಸೌದೆ ಹಸಿಯಾಗಿದೆ, ನೀರು ಸರಿಯಾಗಿ ಕಾದಿಲ್ಲ ಎಂದು ತಾನಾಗಿಯೇ ಬೆಚ್ಚಗಿನ ನೀರು ಹಾಕಿದಳು. ಆಮೇಲೆ ನಾನು ಅಲ್ಲಿದ್ದಷ್ಟು ದಿನವೂ ನಮ್ಮ ಮನೆಯ ಸೌದೆ ಒಣಗಲೇ ಇಲ್ಲ.

ನವೆ ಯಾವಾಗ ಹೋಯಿತೋ ನನಗೆ ಗೊತ್ತಾಗಲಿಲ್ಲ. ಒಂದು ಮಧ್ಯಾಹ್ನ ಮಗುವಿಗೆ ಹಾಲು ಕೊಡುತ್ತ ಕೂತಿದ್ದಾಗ ಕಾಲು ಕಡಿಯಿತು. ನವೆ ಮತ್ತೆ ಬಂತೇ ಎಂದು ಬಗ್ಗಿ ನೋಡಿದರೆ ಸೊಳ್ಳೆ. ಅಷ್ಟು ಪ್ರೀತಿಯಿಂದ ಯಾವ ಸೊಳ್ಳೆಯನ್ನೂ ನಾನು ಹೊಡೆದಿಲ್ಲ.