ನ್ಯೂಜಿಲೆಂಡಿನ ಬೆಂಕಿಗೆ ಶಹಾಪುರದ ನೀರು

ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಕುರ್ಚಿ. ಅದರಲ್ಲಿ ಬಾಯಿ ತೆರೆದು ಮಲಗಿದ ಒಬ್ಬ ಅಜ್ಜ, ಅವರ ಬೆನ್ನ ಹಿಂದೆ ಬಿಳಿ ಟವೆಲ್ಲುಗಳ ಗುಡ್ಡೆ, ಗುಡ್ಡೆಯ ನೆತ್ತಿಯಿಂದ ಏಳುತ್ತಿರುವ ತೆಳು ಹೊಗೆ. ಕುರ್ಚಿ ಇದ್ದದ್ದು ನ್ಯೂಜಿಲೆಂಡಿನಲ್ಲಿ. ನಾನಿದ್ದದ್ದು ಇಚಲಕರಂಜಿಯ ಶಹಾಪುರದಲ್ಲಿ, ನಮ್ಮ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಆಗಷ್ಟೇ ಝುಣಕ-ರೊಟ್ಟಿ ತಿಂದು ಕೈ ತೊಳೆದು.

ಅಲ್ಲಿನ ಕ್ಯಾಮೆರಾದ ಮೂಲಕ ಲ್ಯಾಪ್‌ಟಾಪಿನ ಪರದೆಯಲ್ಲಿ ಅವರನ್ನು ನೋಡುತ್ತ ಕೂರುವುದೇ ನನ್ನ ನೌಕರಿ. ಅವರು ದುಡಿಯುವ ಕಂಪನಿ ಹೋಟೆಲುಗಳ ಬಟ್ಟೆ ಒಗೆದು ಕೊಡುತ್ತದೆ. ರಾತ್ರಿಪಾಳಿಯಲ್ಲಿ ಅಜ್ಜ ಒಬ್ಬರೇ. ಒಂಟಿಯಾಗಿ ಕೆಲಸ ಮಾಡುವವರ ಮೇಲೆ ಯಾರಾದರೂ ಕಣ್ಣಿಟ್ಟಿರಬೇಕೆಂಬುದು ಕಂಪನಿಯ ನಿಯಮ. ಅಲ್ಲಿ ರಾತ್ರಿಯಾದಾಗ ನಮಗೆ ಮಧ್ಯಾಹ್ನ. ಹೀಗಾಗಿ ಕೊಲ್ಹಾಪುರದ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿದ ನಾನು ಹಾಡಹಗಲಲ್ಲಿ ರಾತ್ರಿಯ ಕಾವಲುಗಾರ್ತಿಯಾದೆ. ಆಗಾಗ ಮೈಕಿನಲ್ಲಿ ‘ಕ್ಷೇಮವೇ?’ ಎಂದು ಇಂಗ್ಲಿಷಿನಲ್ಲಿ ಕೇಳುವುದು, ಅವರು ಹೆಬ್ಬೆರಳು ಎತ್ತಿ ತೋರಿಸುವುದು. ಅವ್ವ ಮಾತ್ರ ಕೇಳಿದವರಿಗೆಲ್ಲ, ನಮ್ಮ ಹುಡುಗಿ ಒಬ್ಬ ಗೋರಾ ಅಜ್ಜನ್ನ ನೋಡ್ಕೊತಾಳ ಎಂದೇ ಹೇಳುತ್ತ ಬಂದಳು. ಅದರಿಂದ ನನಗೆ ನರ್ಸ್ ಹುಡುಗಿ ಬೇಕೆನ್ನುವವರ ಕಡೆಯಿಂದ ಎರಡು ಸಂಬಂಧಗಳೂ ಬಂದವು.

ನೌಕರಿಯ ಆನ್‌ಲೈನ್ ಸಂದರ್ಶನಕ್ಕೆ ನಾನು ಗಡಹಿಂಗ್ಲಜದಲ್ಲಿರುವ ಅವ್ವನ ತಂಗಿ, ನನ್ನ ಮಾವಶಿಯ ಮನೆಗೆ ಹೋಗಿದ್ದೆ. ಅಲ್ಲಿ ಒಂದು ಕಾಗೆ ಕೂಗಿದರೂ ಕೇಳುತ್ತದೆ. ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಪವರ್‌ಲೂಮಿನ ಶೆಡ್ಡು. ಮಗ್ಗಗಳ ಖಟ್ ಖಟ್ ಸದ್ದಿನಲ್ಲೇ ಹುಟ್ಟಿ, ಓದಿ, ಮಲಗಿ ಬೆಳೆದವಳು ನಾನು. ಆ ಸದ್ದಿಗೆ ನಮ್ಮಲ್ಲಿ ಯಾರಿಗೂ ಎಚ್ಚರವಾಗುವುದಿಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ಮಾತ್ರ ಇಡೀ ಓಣಿ ದಡಕ್ಕನೆ ಎದ್ದು ಕೂರುತ್ತದೆ, ತೊಟ್ಟಿಲ ಕೂಸುಗಳು ಅಳುತ್ತವೆ.

ಕೆಲಸಕ್ಕೆ ಸೇರಿದ ವಾರದಲ್ಲೇ ಅಜ್ಜ ನನ್ನ ಮೈಕಿನಿಂದ ಬರುವ ಆ ಸದ್ದು ಏನೆಂದು ಕೇಳಿದರು. ನೌಕರಿ ಹೋಯಿತೆಂದುಕೊಂಡು, ಮಳೆ ಎಂದು ಹೇಳಿಬಿಟ್ಟೆ. ಸುಡು ಬೇಸಿಗೆ ಅದು. ಮುಂದಿನ ವಾರವೂ ಮಳೆ ನಿಲ್ಲಲಿಲ್ಲ. ಕೊನೆಗೆ ಮಗ್ಗವೆಂದು ಒಪ್ಪಿಕೊಂಡಾಗ ಅವರು ನಕ್ಕು, ಮೈಕು ಬಂದ್ ಮಾಡಬೇಡ ಎಂದರು. ಅಷ್ಟು ದೊಡ್ಡ ಕಟ್ಟಡದಲ್ಲಿ ಒಬ್ಬರೇ ಇದ್ದರೆ ಕಿವಿ ಗುಂಯ್ ಎನ್ನುತ್ತದಂತೆ. ನಮ್ಮ ಸದ್ದು ಕೇಳುತ್ತಿದ್ದರೆ ರೈಲಿನಲ್ಲಿ ಕೂತಂತೆ ಹಿತವಂತೆ. ಅಂದಿನಿಂದ ಊಟದ ವಿರಾಮದಲ್ಲಿ ಅವರು ಯಂತ್ರ ನಿಲ್ಲಿಸಿ, ಕುರ್ಚಿಗೆ ಒರಗಿ, ಶಹಾಪುರದ ಮಗ್ಗಗಳನ್ನು ಕೇಳುತ್ತ ಒಂದು ಸಣ್ಣ ನಿದ್ದೆ ತೆಗೆಯತೊಡಗಿದರು.

ಆ ದಿನವೂ ಹಾಗೇ ಮಲಗಿದ್ದರು. ಎಣ್ಣೆ ಹತ್ತಿದ ಟವೆಲ್ಲುಗಳನ್ನು ಒಣಗಿಸಿ ಬಿಸಿಯಿರುವಾಗಲೇ ಗುಡ್ಡೆ ಹಾಕಿದರೆ ಒಳಗೊಳಗೇ ಹೊತ್ತಿಕೊಳ್ಳುತ್ತವಂತೆ. ಇದು ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು ಹೊಗೆ ಮಾತ್ರ. ಅದು ಚಾವಣಿಯ ಅಲಾರಂವರೆಗೆ ಇನ್ನೂ ಏರಿರಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನನಗೆ ತರಬೇತಿ ಕೊಟ್ಟಿದ್ದರು. ‘ದಯವಿಟ್ಟು ಗಮನಿಸಿ, ಶಾಂತವಾಗಿ ಹೊರಗೆ ನಡೆಯಿರಿ’ ಎಂಬ ಇಂಗ್ಲಿಷ್ ವಾಕ್ಯವನ್ನು ಶಾಂತವಾಗಿಯೇ ಎರಡು ಸಲ ಹೇಳಿದೆ. ಅಜ್ಜ ಬಾಯಿ ಸಹ ಮುಚ್ಚಲಿಲ್ಲ. ಗುಡ್ಡೆಯ ಒಂದು ಬದಿ ಕೆಂಪಗಾಯಿತು. ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು.

"ಏ ಅಜ್ಜಾ, ಏಳೋ! ಬೆಂಕಿ ಹತ್ತೇತಿ, ಬೆಂಕಿ!"

ಅಜ್ಜನಿಗೆ ಕೇಳಲಿಲ್ಲ. ಓಣಿಗೆ ಕೇಳಿತು.

ಮಗ್ಗದ ಶೆಡ್ಡಿನಲ್ಲಿ ಗೋಡೆಗೂ ಜಂತಿಗೂ ಹತ್ತಿಯ ತುಪ್ಪುಳು ಅಂಟಿರುತ್ತದೆ. ಒಂದು ಕಿಡಿ ಸಾಕು. ಹೀಗಾಗಿ ಬೆಂಕಿ ಎಂದರೆ ನಮ್ಮಲ್ಲಿ ಎಲ್ಲಿ, ಯಾರದು ಎಂದು ಯಾರೂ ಕೇಳುವುದಿಲ್ಲ. ಮೊದಲು ಕರೆಂಟಿನ ಮೇನ್ ಸ್ವಿಚ್ ಎಳೆಯುತ್ತಾರೆ, ಆಮೇಲೆ ಬಕೆಟ್ ಹಿಡಿದು ಓಡುತ್ತಾರೆ. ನನ್ನ ಕೂಗು ಒಂದು ಬಾಗಿಲು ದಾಟುವಷ್ಟರಲ್ಲಿ ಮರಾಠಿಯಾಗಿ, ‘ಆಗ ಲಾಗಲಿ, ಆಗ ಲಾಗಲಿ’ ಎನ್ನುತ್ತ ಓಣಿಯ ತುದಿ ಮುಟ್ಟಿತು. ಶೆಡ್ಡಿನ ಮಾಲೀಕರಾದ ಕಾಕಾ ಮೇನ್ ಎಳೆದರು. ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ನಾವು ಅವರದೇ ಬಾಡಿಗೆ ಮನೆಯಲ್ಲಿರುವವರು, ನಮ್ಮ ಕರೆಂಟೂ ಅದೇ ಮೇನಿನದು. ಇಂಟರ್ನೆಟ್ಟಿನ ಡಬ್ಬಿಯ ಹಸಿರು ದೀಪ ಆರಿತು. ಪರದೆಯ ಮೇಲೆ ಚಿತ್ರ ಅಲ್ಲೇ ಅಂಟಿಕೊಂಡಿತು: ಕುರ್ಚಿ, ಅಜ್ಜ, ಕೆಂಪಗಾದ ಗುಡ್ಡೆ.

ಕಾಕಾ ತೊಯ್ದ ಗೋಣಿಚೀಲ ಹಿಡಿದು ಒಳಗೆ ನುಗ್ಗಿದರು. ಹಿಂದೆ ಬಕೆಟ್ಟುಗಳ ಸಾಲು.

"ಎಲ್ಲೈತಿ ಬೆಂಕಿ?"

ನಾನು ಪರದೆಯತ್ತ ಕೈ ಮಾಡಿದೆ. "ನ್ಯೂಜಿಲೆಂಡ್‌ನ್ಯಾಗ, ಕಾಕಾ."

ಗೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಕಾ ಪರದೆ ನೋಡಿದರು, ನನ್ನ ನೋಡಿದರು.

"ಅಲ್ಲಿ ಬೆಂಕಿ ಹತ್ತಿದ್ರ ಇಲ್ಲಿ ಯಾಕ ಒದರ್ತಿ, ಪೋರಿ?"

"ಮೇನ್ ಹಾಕ್ರಿ ಕಾಕಾ. ಅಂವ ಅಲ್ಲಿ ಮಲಗ್ಯಾನ."

ನನ್ನ ದನಿ ಹೇಗಿತ್ತೋ, ಅವರು ಮತ್ತೇನೂ ಕೇಳದೆ ತಿರುಗಿ ಓಡಿದರು. ಆದರೆ ಬಾಗಿಲಲ್ಲಿ ಬಕೆಟ್ಟಿನವರು ತುಂಬಿದ್ದರು. ಮುಂದಿನವರು ಹೊರಗೆ ಬರಲು ನೋಡುತ್ತಿದ್ದರು, ಹಿಂದಿನವರಿಗೆ ಬೆಂಕಿ ನೋಡಬೇಕಿತ್ತು. ಯಾರೋ ಒಬ್ಬಾಕೆ, ತಂದ ನೀರು ಹೊತ್ತುಕೊಂಡು ಹೋಗುವುದೇಕೆಂದು ನಮ್ಮ ಒಲೆಗೆ ಸುರಿದಳು. ನಾನು ಫೋನು ಹಿಡಿದು, ಸಿಗ್ನಲ್ ಸಿಗಲೆಂದು ಒಳಗಿನ ಏಣಿಯಿಂದ ಮಾಳಿಗೆ ಹತ್ತಿ ಕಂಪನಿಯ ತುರ್ತು ನಂಬರಿಗೆ ಹಚ್ಚಿದೆ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹೆಂಗಸೊಬ್ಬಳು ಹೇಳಿದಳು. ಆಮೇಲೆ ಪಿಯಾನೊ ಶುರುವಾಯಿತು. ಅದು ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ. ಇವತ್ತಿಗೂ ಪಿಯಾನೊ ಕೇಳಿದರೆ ನನಗೆ ಹೊಗೆಯ ವಾಸನೆ ಬರುತ್ತದೆ, ಅಂದು ಹೊಗೆ ನನ್ನ ಮೂಗಿನವರೆಗೆ ಬರುವುದು ಸಾಧ್ಯವೇ ಇರಲಿಲ್ಲವಾದರೂ.

ಕೆಳಗೆ ಮಗ್ಗಗಳು ಖಟ್ ಎಂದವು. ಇಳಿದು ಓಡಿದೆ. ಹಸಿರು ದೀಪ ಹತ್ತಿತು, ಪರದೆ ಕದಲಿತು. ಕುರ್ಚಿ ಖಾಲಿಯಾಗಿತ್ತು. ಅದರ ಹಿಂದೆ ಎಲ್ಲ ಬೆಳ್ಳಗೆ, ಹೊಗೆಯೋ ಉಗಿಯೋ ತಿಳಿಯಲಿಲ್ಲ. ಬಕೆಟ್ಟಿನವರೆಲ್ಲ ಪರದೆಯತ್ತ ಬಾಗಿದರು. ಅವ್ವ ನನ್ನ ಭುಜ ಹಿಡಿದಿದ್ದಳು, ಅವಳ ಬೆರಳ ಗುರುತು ಎರಡು ದಿನ ಇತ್ತು.

ಆಗ ಬಿಳುಪಿನೊಳಗಿಂದ ಅಜ್ಜ ಬಂದರು. ಕೈಯಲ್ಲಿ ನೀರಿನ ಪೈಪು, ಮೀಸೆಯಿಂದ ನೀರು. ಕ್ಯಾಮೆರಾದ ಹತ್ತಿರ ಬಂದು, ಕೆಮ್ಮುತ್ತ, ನನ್ನನ್ನೇ ಕೇಳಿದರು: ಅಲ್ಲಿ ಏನಾಯಿತು, ನೀನು ಕ್ಷೇಮವೇ? ಸದ್ದು ತಟ್ಟನೆ ನಿಂತದ್ದಕ್ಕೆ ಅವರಿಗೆ ಎಚ್ಚರವಾಗಿತ್ತು. ನನಗೇ ಏನೋ ಆಗಿದೆ ಎಂದು ಗಾಬರಿಯಿಂದ ಎದ್ದು ನಿಂತಾಗಲೇ ಬೆನ್ನ ಹಿಂದಿನ ಕಾವು ಗೊತ್ತಾದದ್ದು.

ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಅವರಿಗೆ ನಾನು ಕಾಣುವುದೇ ಇಲ್ಲ ಎಂಬುದೂ ನೆನಪಿಗೆ ಬರಲಿಲ್ಲ.

ಅಜ್ಜ ಹೇಳಿದ್ದನ್ನು ಕಾಕಾಗೆ ತಿಳಿಸಿದೆ. ಗೋಣಿಚೀಲ ಇನ್ನೂ ಅವರ ಹೆಗಲ ಮೇಲಿತ್ತು.

"ಅಂದ್ರ ನಿನ್ನ ಒದರಾಟಕ್ಕ ಅಲ್ಲ," ಎಂದರು. "ನಾ ಮೇನ್ ಎಳದದ್ದಕ್ಕ ಎದ್ದಾನ."

ಅವ್ವನಿಗೆ ಬೇರೆಯೇ ಚಿಂತೆ. ವಯಸ್ಸಾದವರಿಗೆ ಏಳೋ ಎಂದು ಕರೆಯುವುದೇ, ಆ ಅಜ್ಜ ಮನಸ್ಸಿಗೆ ಹಚ್ಚಿಕೊಂಡಿದ್ದರೆ ಹೇಗೆ ಎಂದು ತೊಯ್ದ ಒಲೆ ಒರೆಸುತ್ತ ಗೊಣಗಿದಳು. ತರಬೇತಿಯ ಯಾವ ವಾಕ್ಯದಿಂದ ಅವರನ್ನು ಎಬ್ಬಿಸಿದೆ ಎಂದು ಕಂಪನಿಯವರು ಮರುದಿನ ಕೇಳಿದರು. ಸ್ಥಳೀಯ ಪದ್ಧತಿ ಎಂದೆ.

ಟವೆಲ್ಲುಗಳನ್ನು ಈಗ ಬಿಸಿ ಆರಿದ ಮೇಲೆಯೇ ಗುಡ್ಡೆ ಹಾಕುತ್ತಾರೆ. ಆದರೂ ನನ್ನ ಕಣ್ಣು ಅಜ್ಜನಿಗಿಂತ ಮೊದಲು ಅವರ ಬೆನ್ನ ಹಿಂದೆ ಹೋಗುತ್ತದೆ. ಅವರು ಕಣ್ಣು ಮುಚ್ಚಿದರೆ ಪರದೆಗೆ ಮೂಗು ತಾಗುವಷ್ಟು ಬಾಗಿ ಕೂರುತ್ತೇನೆ. ಕಾಕಾ ಇದನ್ನು ಗಮನಿಸಿರಬೇಕು. ಮಗ್ಗಗಳಿಗೆ ಎಣ್ಣೆ ಬಿಡಲು ಶೆಡ್ಡು ನಿಲ್ಲಿಸುವ ಮುಂಚೆ ಈಗ ದಿನಾ ನಮ್ಮ ಬಾಗಿಲಿಗೆ ಬಂದು ಇಣುಕುತ್ತಾರೆ.

"ಬಂದ್ ಮಾಡಾಕತ್ತೇನಿ. ಗಾಬರಿ ಆಗಬ್ಯಾಡ್ರಿ ಅಂತ ಅಜ್ಜಗ ಹೇಳು."

ನಾನು ಹೇಳುತ್ತೇನೆ. ಅಜ್ಜ ಹೆಬ್ಬೆರಳು ಎತ್ತುತ್ತಾರೆ. ಆಮೇಲೆಯೇ ಕಾಕಾ ಹೋಗಿ ಮಗ್ಗಗಳ ಸ್ವಿಚ್ ಎಳೆಯುವುದು.